ನಕ್ಷೆ ಬದಲಾಯಿತು, ಸ್ಲ್ಯಾಬ್ ಹಳೆಯದೇ ಬಿತ್ತು: ಗುತ್ತಿಗೆದಾರರ ಜೊತೆ ಮತ್ತೆ ಮಾತು ಶುರು ಮಾಡುವುದು ಹೇಗೆ?

ಪ್ರಶ್ನೆ: ಎರೆನೆಲ, ಕಲಬುರಗಿ

ನಾನು ವಾಸ್ತುಶಿಲ್ಪಿ. ಕಲಬುರಗಿಯಲ್ಲಿ ಸ್ವಂತ ಕಚೇರಿ ತೆರೆದು ನಾಲ್ಕು ವರ್ಷವಾಯಿತು. ಹನ್ನೊಂದು ಮನೆಗಳನ್ನು ಮುಗಿಸಿ ಕೊಟ್ಟಿದ್ದೇನೆ. ಹನ್ನೆರಡನೆಯದು ನನ್ನ ನಿದ್ದೆ ಕೆಡಿಸಿದೆ.

ಜೇವರ್ಗಿ ರಸ್ತೆಯ ಕಡೆ 30×50 ಅಡಿಯ ನಿವೇಶನ, ನಿವೃತ್ತ ಶಿಕ್ಷಕ ದಂಪತಿಯ ಮನೆ. ಕೆಳಗೆ ಅವರು, ಮೇಲೆ ಮಗನ ಸಂಸಾರ. ಮೇಲಿನ ಮಲಗುವ ಕೋಣೆಯ ಪಶ್ಚಿಮ ಗೋಡೆಗೆ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಬಿಸಿಲು. ನಮ್ಮ ಊರಿನ ಮೇ ತಿಂಗಳು ಎಲ್ಲರಿಗೂ ಗೊತ್ತಿದೆ. 42 ಡಿಗ್ರಿ ದಾಟಿದ ದಿನ ಅಂಥ ಗೋಡೆ ರಾತ್ರಿ ಹನ್ನೊಂದಕ್ಕೂ ಅಂಗೈಗೆ ಬಿಸಿ ಹತ್ತುತ್ತದೆ. ಅದಕ್ಕಾಗಿ ಪೂರ್ವದಲ್ಲಿದ್ದ ಸ್ನಾನದ ಮನೆಯನ್ನು ಪಶ್ಚಿಮಕ್ಕೆ ತಂದು, ಬಿಸಿಲಿಗೂ ಕೋಣೆಗೂ ನಡುವೆ ಅದನ್ನೇ ಅಡ್ಡ ನಿಲ್ಲಿಸಲು ನಿರ್ಧರಿಸಿದೆ. ಸ್ಲ್ಯಾಬ್ ಹಾಕಲು ಇನ್ನೂ ಎಂಟು ದಿನ ಇತ್ತು. ಮನೆಯವರು ಒಪ್ಪಿದರು. ಸ್ಟ್ರಕ್ಚರಲ್ ಎಂಜಿನಿಯರ್ ಬೀಮುಗಳ ಲೆಕ್ಕ ನೋಡಿ ಸರಿ ಎಂದರು. ತಿದ್ದಿದ ನಕ್ಷೆಯನ್ನು ಮೊಬೈಲ್ ಗುಂಪಿಗೆ ಹಾಕಿ, ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಬಿಸಿಲೇರುವ ಮೊದಲೇ ಮುಗಿಸಬೇಕೆಂದು ಗುತ್ತಿಗೆದಾರರು ನಸುಕಿನ ಐದಕ್ಕೆ ಕಾಂಕ್ರೀಟ್ ಆರಂಭಿಸಿದ್ದರು. ನಾನು ಎಂಟೂವರೆಗೆ ಹೋಗಿ ನೋಡಿದರೆ, ಸ್ನಾನದ ಮನೆಯ ಪೈಪುಗಳಿಗಾಗಿ ಒಂದು ಅಡಿ ತಗ್ಗಿಸಬೇಕಾದ ಭಾಗ ಹಳೆಯ ಜಾಗದಲ್ಲೇ, ಪೂರ್ವದಲ್ಲೇ, ತಗ್ಗಾಗಿತ್ತು. ಕಬ್ಬಿಣ ಕಟ್ಟುವವರ ಕೈಯಲ್ಲಿದ್ದದ್ದು ತಿಂಗಳ ಹಿಂದೆ ನಾನೇ ಮುದ್ರಿಸಿ ಕೊಟ್ಟ ಹಾಳೆ. ಹೊಸ ನಕ್ಷೆ ಗುತ್ತಿಗೆದಾರರ ಮೊಬೈಲಿನಲ್ಲಿ ಅದೇ ಹೆಸರಿನ ಇನ್ನೂ ಮೂರು ಕಡತಗಳ ನಡುವೆ ಬಿದ್ದಿತ್ತು. ನಾನು ಸಿಟ್ಟಿನಲ್ಲಿ, ಇಪ್ಪತ್ತು ಜನ ಕೆಲಸಗಾರರ ಎದುರು, "ನಕ್ಷೆ ಓದಲು ಬರುವುದಿಲ್ಲವೇ ನಿಮಗೆ?" ಎಂದುಬಿಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ಸ್ಲ್ಯಾಬ್ ಮುಗಿಸಿ, ಕೈ ತೊಳೆದುಕೊಂಡು ಹೊರಟುಹೋದರು.

ಇಂದಿಗೆ 13 ದಿನ. ನಾನು ಮಾಸ್ತರರಿಗೆ ಹೇಳುತ್ತೇನೆ, ಅವರು ಗುತ್ತಿಗೆದಾರರಿಗೆ ಹೇಳುತ್ತಾರೆ, ಉತ್ತರ ಅದೇ ದಾರಿಯಲ್ಲಿ ತಿರುಗಿ ಬರುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ನಾನು ಈ ದಿನಗಳಲ್ಲಿ ಸೈಟಿಗೆ ಕಾಲಿಟ್ಟಿಲ್ಲ. ಮೇಲಿನ ಗೋಡೆಗಳ ಕೆಲಸ ನಿಂತಿದೆ.

ತಪ್ಪು ಯಾರದೆಂದು ಕೇಳುತ್ತಿಲ್ಲ. ನನ್ನ ಪಾಲು ನನಗೆ ಗೊತ್ತಿದೆ. ತಿದ್ದಿದ ನಕ್ಷೆ ನಿಜವಾಗಿಯೂ ತಲುಪಿತೆಂದು ನೀವು ಹೇಗೆ ಖಾತ್ರಿ ಮಾಡಿಕೊಳ್ಳುತ್ತೀರಿ? ಸೈಟಿಗೆ ಎಷ್ಟು ಸಲ ಹೋಗುತ್ತೀರಿ? ಆಗಾಗ ಬಂದು ನೋಡುವುದು ನನ್ನ ಹೊಣೆ, ದಿನವಿಡೀ ನಿಂತು ಉಸ್ತುವಾರಿ ಮಾಡುವುದು ಅಲ್ಲ ಎಂದು ಒಪ್ಪಂದದಲ್ಲಿ ಬರೆದಿದೆ. ಮನೆಯವರಿಗೆ ಅದು ಒಪ್ಪಿಗೆಯಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇವರ ಜೊತೆ ಮತ್ತೆ ಮಾತು ಹೇಗೆ ಆರಂಭಿಸಲಿ? ಅವರ ಕೈಕೆಲಸ ಒಳ್ಳೆಯದು. ಅವರನ್ನು ಬಿಡಲು ನನಗೆ ಮನಸ್ಸಿಲ್ಲ.

ಉತ್ತರ: ಗೌಂಡಿಯ ಮಗ, ಶಹಾಬಾದ್

ತಂಗಿ, ನಕ್ಷೆಯ ವಿಷಯ ಆಮೇಲೆ. ಮೊದಲು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಫೋನಿನಲ್ಲಿ ಬೇಡ, ಮಾಸ್ತರರ ಮನೆಯಲ್ಲಿ ಚಹಾ ಕುಡಿಯುತ್ತಲೂ ಬೇಡ. ಎಲ್ಲಿ ಆಡಿದಿರೋ ಅಲ್ಲಿ, ಯಾರ ಎದುರು ಆಡಿದಿರೋ ಅವರ ಎದುರು. ನಾನು ಮೂವತ್ತು ವರ್ಷಕ್ಕೂ ಮೀರಿ ಗುತ್ತಿಗೆ ಕೆಲಸ ಮಾಡಿದವನು. ಗೌಂಡಿಗಳು, ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟುವ ಸೆಂಟ್ರಿಂಗಿನವರು, ಗಾರೆ ಹೊರುವ ಹೆಣ್ಣುಮಕ್ಕಳು ನಮ್ಮ ಮಾತು ಕೇಳುವುದು ಕೂಲಿಯ ಆಸೆಗೆ ಮಾತ್ರವಲ್ಲ. ಈತನಿಗೆ ಕೆಲಸ ಗೊತ್ತಿದೆ ಎಂಬ ನಂಬಿಕೆಗೆ. ಅದನ್ನು ಎಲ್ಲರ ಎದುರು ಕಿತ್ತುಕೊಂಡರೆ, ಮರುದಿನ ನಾವು "ಈ ಕಬ್ಬಿಣ ಬಿಚ್ಚಿ ಮತ್ತೆ ಕಟ್ಟು" ಎಂದಾಗ ಯಾರೂ ಏಳುವುದಿಲ್ಲ. ಕೆಡುವುದು ನಿಮ್ಮದೇ ಮನೆ.

ಇನ್ನೊಂದು ಮಾತು ಕೇಳುತ್ತೇನೆ. ಸ್ನಾನದ ಮನೆಯನ್ನು ಏಕೆ ಸರಿಸಿದಿರಿ ಎಂದು ಇಲ್ಲಿ ನಮಗೆಲ್ಲ ಎಷ್ಟು ಚೆನ್ನಾಗಿ ತಿಳಿಸಿದ್ದೀರಿ! ಪಶ್ಚಿಮದ ಬಿಸಿಲು, ರಾತ್ರಿಯೂ ಆರದ ಗೋಡೆ. ಇದನ್ನು ನಿಮ್ಮ ಗುತ್ತಿಗೆದಾರರಿಗೆ ಹೇಳಿದ್ದಿರಾ? ಹೇಳಿದ್ದರೆ ಆ ಮನುಷ್ಯ ಮರೆಯುತ್ತಿರಲಿಲ್ಲ. ನಸುಕಿನ ಐದಕ್ಕೆ ಹಳೆಯ ಹಾಳೆ ಕೈಗೆ ಬಂದಿದ್ದರೂ, "ಇಲ್ಲ, ಮೇಡಂ ಬಿಸಿಲಿಗೆಂದು ಇದನ್ನು ಆ ಕಡೆ ತಂದಿದ್ದರಲ್ಲ" ಎಂದು ಅವರೇ ಕೆಲಸ ನಿಲ್ಲಿಸುತ್ತಿದ್ದರು.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. 1994ರಲ್ಲಿ ಆಳಂದ ರಸ್ತೆಯ ಕಡೆ ಒಂದು ಮನೆ ಹಿಡಿದಿದ್ದೆ. ಅಗೆದಷ್ಟೂ ಎರೆಮಣ್ಣು. ಬೇರೆ ಊರಿನಿಂದ ಬಂದ ನಕ್ಷೆಯಲ್ಲಿ ಅಂಡರ್-ರೀಮ್ಡ್ ಪೈಲುಗಳಿದ್ದವು, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬಗಳು: ಮೂರೂವರೆ ಮೀಟರ್ ಆಳ, ಬುಡದ ಹತ್ತಿರ ಪೈಲಿನ ಎರಡೂವರೆ ಪಟ್ಟು ಅಗಲದ ಗಡ್ಡೆ. ಅಷ್ಟನ್ನೂ ನೂಲು ಹಿಡಿದಂತೆ ಮಾಡಿದೆ. ಆದರೆ ಪೈಲುಗಳ ಮೇಲೆ ಕೂತು ಗೋಡೆಗಳನ್ನು ಹೊರುವ ಪ್ಲಿಂತ್ ಬೀಮಿಗೂ ಅದರ ಕೆಳಗಿನ ನೆಲಕ್ಕೂ ನಡುವೆ ಮೂರು ಇಂಚು ಖಾಲಿ ಬಿಡಬೇಕೆಂದು ಎರಡು ಗೆರೆ ಎಳೆದಿದ್ದರು. ನಮ್ಮ ತಂದೆ ನನಗೆ ಕಲಿಸಿದ ಮೊದಲ ಪಾಠವೇ ಬುನಾದಿಯ ಕೆಳಗೆ ಟೊಳ್ಳು ಬಿಡಬಾರದು ಎಂಬುದು. ನಕ್ಷೆ ಬರೆದವರು ಏನೋ ಮರೆತಿದ್ದಾರೆ ಎಂದುಕೊಂಡೆ. ನನ್ನದೇ ಹಣದಲ್ಲಿ ಮುರುಮು ತರಿಸಿ, ದಮ್ಮಸು ಹೊಡೆಸಿ, ಆ ಸಂದನ್ನು ಗಟ್ಟಿಯಾಗಿ ತುಂಬಿಸಿದೆ. ಮನೆಯವರಿಗೆ ಒಳ್ಳೆಯದು ಮಾಡಿದೆನೆಂಬ ತೃಪ್ತಿಯಿಂದ ಅಂದು ರಾತ್ರಿ ಮಲಗಿದೆ.

ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಕುಗ್ಗುತ್ತದೆ. ಆ ಮೂರು ಇಂಚು, ಮಣ್ಣು ಉಬ್ಬಿ ಬರಲೆಂದೇ ಬಿಟ್ಟ ಜಾಗ. ನಾನು ಅದನ್ನು ಮುಚ್ಚಿದ್ದೆ. ಉಬ್ಬಿದ ಮಣ್ಣು ಬೀಮನ್ನೇ ಮೇಲಕ್ಕೆ ಒತ್ತಿತು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಪ್ರತಿ ಕಿಟಕಿಯ ಮೂಲೆಯಿಂದಲೂ ಓರೆಯಾಗಿ ಬಿರುಕು ಎದ್ದಿತು. ಆ ಮನೆಯ ಮುಂದೆ ಹಾದುಹೋಗುವಾಗ ಇಂದಿಗೂ ನನ್ನ ಕಣ್ಣು ಮೊದಲು ಆ ಮೂಲೆಗಳಿಗೇ ಹೋಗುತ್ತದೆ. "ಮಣ್ಣು ಉಬ್ಬಲು ಈ ಜಾಗ, ತುಂಬಬೇಡಿ" ಎಂಬ ಐದು ಪದ ಆ ಹಾಳೆಯ ಮೇಲೆ ಇದ್ದಿದ್ದರೆ ಸಾಕಿತ್ತು. ಅಥವಾ ನಾನು ಒಂದು ಸಲ ಬಾಯಿ ಬಿಟ್ಟು ಕೇಳಿದ್ದರೂ ಸಾಕಿತ್ತು.

ಅದೇಕೆ ಕೇಳಲಿಲ್ಲ ಎಂಬುದನ್ನೂ ಹೇಳಬೇಕು. ಇದು ನಮ್ಮ ಕಡೆಯ ದೋಷ. ಕೇಳಿದರೆ ಇವನಿಗೆ ಗೊತ್ತಿಲ್ಲ ಎಂದುಕೊಳ್ಳುತ್ತಾರೆ ಎಂಬ ಅಂಜಿಕೆ ಗುತ್ತಿಗೆದಾರರಲ್ಲಿ ಆಳವಾಗಿದೆ. ಕೇಳಿದವನನ್ನು ಒಂದು ಸಲ ಅವಮಾನಿಸಿದರೆ ಮುಂದೆ ಅವನು ಊಹಿಸಿಯೇ ಕಟ್ಟುತ್ತಾನೆ. ನಿಮ್ಮ ಆ ಮಾತಿನ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ನಾನು ಕೆಲಸ ಮಾಡಿದ ವಾಸ್ತುಶಿಲ್ಪಿಗಳಲ್ಲಿ ಒಬ್ಬರನ್ನು ದಿನವೂ ನೆನೆಯುತ್ತೇನೆ. ಒಂದು ಶಾಲೆಯ ಮೊಗಸಾಲೆಗೆ ಅವರು ತಗ್ಗಾದ, ಅಗಲವಾದ ಕಮಾನುಗಳನ್ನು ಬರೆದಿದ್ದರು. ನನ್ನ ಗೌಂಡಿಗಳು ಒಪ್ಪಲಿಲ್ಲ: ಇಷ್ಟು ಚಪ್ಪಟೆ ಕಮಾನು ನಿಲ್ಲುವುದಿಲ್ಲ ಎಂದರು. ಅವರು ವಾದಕ್ಕೆ ಬರಲಿಲ್ಲ. ಭಾನುವಾರ ಆರು ಜನ ಗೌಂಡಿಗಳನ್ನು ಕಲಬುರಗಿ ಕೋಟೆಯ ಜಾಮಿಯಾ ಮಸೀದಿಗೆ ಕರೆದುಕೊಂಡು ಹೋದರು. 1367ರ ಕಟ್ಟಡ, ತೆರೆದ ಅಂಗಳವಿಲ್ಲ, ಇಡೀ ಮಸೀದಿಯ ಮೇಲೆ ಗುಮ್ಮಟ, ಕಮಾನುಗಳ ಛಾವಣಿ, ಸುತ್ತಲ ಸಾಲಿನಲ್ಲಿ ನೆಲಕ್ಕೆ ಹತ್ತಿರದಿಂದಲೇ ಏಳುವ ಅಗಲ ಕಮಾನುಗಳು. ನಮ್ಮ ಹಿರಿಯ ಗೌಂಡಿ ಒಂದು ಕಮಾನಿನ ಕಾಲನ್ನು ತೋಳು ಚಾಚಿ ಅಳೆದ. "ಕಾಲು ಇಷ್ಟು ದಪ್ಪ ಕೊಡುತ್ತೀರಾ?" ಎಂದು ಕೇಳಿದ. ಅವರು ಅಲ್ಲೇ ಕಾಗದ ತೆಗೆದು ಕೊನೆಯ ಕಾಲಿನ ಅಗಲವನ್ನು ಒಂಬತ್ತು ಇಂಚು ಹೆಚ್ಚಿಸಿದರು. ಆ ಗೌಂಡಿ ಮುಂದೆ ಆ ಕಮಾನುಗಳನ್ನು ತನ್ನ ಮಗಳ ಮದುವೆಯ ಮಂಟಪದಂತೆ ಕಾದುಕೊಂಡ.

ಹಣದ ಮಾತು. ನಿಮ್ಮ ಗುತ್ತಿಗೆ ಚದರಡಿ ಲೆಕ್ಕದಲ್ಲಿದೆ ಎಂದು ನನ್ನ ಊಹೆ. ನಮ್ಮ ಕಡೆ ಹೆಚ್ಚಿನ ಮನೆಗಳು ಹಾಗೆಯೇ. ಆ ಲೆಕ್ಕದಲ್ಲಿ ನೀವು ಬರೆಯುವ ಪ್ರತಿ ಹೊಸ ಗೆರೆಯೂ ಗುತ್ತಿಗೆದಾರನ ಜೇಬಿನಿಂದ ಹೋಗುತ್ತದೆ. ಕಿಟಕಿಗೆ ಒಂದು ಸಜ್ಜಾ ಹೆಚ್ಚಾದರೆ ಅವನ ಪಾಲಿಗೆ ಅದು ನೆರಳಲ್ಲ, ನಷ್ಟ. ಆಗ ಒಳ್ಳೆಯ ಮನುಷ್ಯನೂ ನಕ್ಷೆಯನ್ನು ಶತ್ರುವಿನಂತೆ ನೋಡುತ್ತಾನೆ. ಸಾಧ್ಯವಿದ್ದಲ್ಲಿ ಬಾಬುವಾರು ಅಳತೆಯ ಲೆಕ್ಕಕ್ಕೆ, ಅಂದರೆ ಮಾಡಿದ ಒಂದೊಂದು ಕೆಲಸವನ್ನೂ ಅಳೆದು ಹಣ ಕೊಡುವ ಲೆಕ್ಕಕ್ಕೆ, ಬನ್ನಿ. ಆಗದಿದ್ದರೆ, ಬದಲಾವಣೆಗೆ ದರ ಹೇಗೆ, ಯಾರು ಕೊಡಬೇಕು ಎಂಬುದನ್ನಾದರೂ ಮೊದಲೇ ಬರೆದಿಡಿ. ಕ್ಯೂರಿಂಗಿಗೆ, ಅಂದರೆ ಹೊಸ ಕಾಂಕ್ರೀಟನ್ನು ಒದ್ದೆ ಇಡಲು, ಬೇಕಾದ ನೀರಿನ ಟ್ಯಾಂಕರ್ ಯಾರ ಲೆಕ್ಕಕ್ಕೆ ಎಂಬುದನ್ನೂ ಬರೆಯಿರಿ. ಬೇಸಿಗೆಯಲ್ಲಿ ನಮ್ಮೂರುಗಳಲ್ಲಿ ಅರ್ಧ ಜಗಳ ಅದರದೇ.

ನೆಲದ ಕಲ್ಲಿನ ಬಗ್ಗೆಯೂ ಎಚ್ಚರ. ನಮ್ಮ ಶಹಾಬಾದ್ ಫರಸಿ ಕಾರ್ಖಾನೆಯ ಟೈಲ್ಸ್ ಅಲ್ಲ. ಒಂದು ಇಂಚಿನದೂ ಬರುತ್ತದೆ, ಒಂದೂವರೆ ಇಂಚಿನದೂ ಬರುತ್ತದೆ, ಕೆಳಗೆ ಗಾರೆ ಬೇರೆ. ನೀವು ಹಾಳೆಯಲ್ಲಿ ಒಂದೂವರೆ ಇಂಚು ಬಿಟ್ಟಿದ್ದು, ಸೈಟಿನಲ್ಲಿ ಮೂರು ಇಂಚು ಬೇಕಾದರೆ, ಮೊದಲು ಬಲಿ ಬೀಳುವುದು ಮೆಟ್ಟಿಲು. ಕೆಳಗಿನ ಮೆಟ್ಟಿಲು ಗಿಡ್ಡ, ಮೇಲಿನದು ಎತ್ತರ. ಆ ವಯಸ್ಸಾದವರು ಅಲ್ಲಿಯೇ ಎಡವುತ್ತಾರೆ. ಕಲ್ಲನ್ನು ಮೊದಲು ಆರಿಸಿ, ದಪ್ಪವನ್ನು ಗುತ್ತಿಗೆದಾರರ ಜೊತೆ ಕೈಯಾರೆ ಅಳೆದು, ಆಮೇಲೆ ಮೆಟ್ಟಿಲಿನ ಅಳತೆ ಬರೆಯಿರಿ.

ನಕ್ಷೆ ತಲುಪಿಸುವುದಕ್ಕೆ ನಾನು ಕಂಡ ಒಂದೇ ದಾರಿ: ಹೊಸ ಹಾಳೆಯನ್ನು ಕೈಯಲ್ಲಿ ಕೊಟ್ಟು ಹಳೆಯ ಹಾಳೆಯನ್ನು ಕೈಯಿಂದ ವಾಪಸು ಪಡೆಯುವುದು. ಹಾಳೆಯ ಮೂಲೆಯಲ್ಲಿ ತಿದ್ದುಪಡಿಯ ಸಂಖ್ಯೆ, ದಿನಾಂಕ. ಬದಲಾದ ಜಾಗಕ್ಕೆ ಕೆಂಪು ಸುತ್ತು. ಆಮೇಲೆ ಗುತ್ತಿಗೆದಾರರು, ಗೌಂಡಿ, ಕಬ್ಬಿಣದವರು ನಕ್ಷೆಯನ್ನು ನಿಮಗೆ ಓದಿ ಹೇಳಲಿ. ನೀವು ವಿವರಿಸಬೇಡಿ, ಅವರು ವಿವರಿಸಲಿ. ಸೆಂಟ್ರಿಂಗ್ ಹಲಗೆಯ ಮೇಲೆ ಸುಣ್ಣದ ಗೆರೆ ಎಳೆದು ಗೋಡೆ ಎಲ್ಲಿ, ತಗ್ಗು ಎಲ್ಲಿ, ಪೈಪು ಎಲ್ಲಿ ಎಂದು ತೋರಿಸಲಿ. ಎಷ್ಟು ಸಲ ಹೋಗಬೇಕು ಎಂದು ಕೇಳಿದ್ದೀರಿ. ವಾರಕ್ಕೊಂದು ದಿನ, ಅದೇ ದಿನ, ಅದೇ ಹೊತ್ತಿಗೆ, ತಪ್ಪದೆ. ನೀವು ಗುರುವಾರ ಏಳಕ್ಕೆ ಬರುತ್ತೀರಿ ಎಂದು ಗೊತ್ತಿದ್ದರೆ ಗೌಂಡಿ ತನ್ನ ಪ್ರಶ್ನೆಯನ್ನು ಗುರುವಾರದವರೆಗೆ ಇಟ್ಟುಕೊಳ್ಳುತ್ತಾನೆ. ಯಾವಾಗ ಬರುತ್ತೀರೋ ಗೊತ್ತಿಲ್ಲದಿದ್ದರೆ ತಾನೇ ತೀರ್ಮಾನಿಸುತ್ತಾನೆ.

ಉತ್ತರ: ಕೆಂಪುಕಲ್ಲು, ಬೀದರ್

ನಾನು ಸ್ಟ್ರಕ್ಚರಲ್ ಎಂಜಿನಿಯರ್. ನನ್ನದು ಒಂದೇ ಪ್ರಶ್ನೆ, ದಯವಿಟ್ಟು ಇವತ್ತೇ ಉತ್ತರ ಕಂಡುಕೊಳ್ಳಿ. ಈ 13 ದಿನ ಆ ಸ್ಲ್ಯಾಬಿಗೆ ನೀರು ಹಾಕಿದವರು ಯಾರು?

ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456ರ ಪ್ರಕಾರ ಒಣ ಬಿಸಿ ಹವೆಯಲ್ಲಿ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟನ್ನು 10 ದಿನಕ್ಕೆ ಕಡಿಮೆಯಾಗದಂತೆ ಒದ್ದೆ ಇಡಬೇಕು. ಈಗ ಬಹಳಷ್ಟು ಮನೆಗಳಿಗೆ ಬಳಸುವ ಹಾರುಬೂದಿ ಬೆರೆತ ಸಿಮೆಂಟಾದರೆ 14 ದಿನ. ನಿಮ್ಮಿಬ್ಬರ ಮಾತು ನಿಂತ ದಿನಗಳೇ ಆ ಸ್ಲ್ಯಾಬಿಗೆ ಬೇಕಾದ ದಿನಗಳು. ಸಿಟ್ಟಿನಲ್ಲಿ ಗುತ್ತಿಗೆದಾರರು ಊರೆಗಳನ್ನು (ಸ್ಲ್ಯಾಬನ್ನು ಕೆಳಗಿನಿಂದ ಹೊತ್ತ ಕಂಬಗಳನ್ನು) ಬೇಗ ಬಿಚ್ಚಿದ್ದಾರೆಯೇ ಎಂಬುದನ್ನೂ ನೋಡಿ. ಒಂದು ಆಧಾರದಿಂದ ಇನ್ನೊಂದಕ್ಕೆ ಸ್ಲ್ಯಾಬಿನ ಹರವು 4.5 ಮೀಟರ್ ದಾಟಿದರೆ ಊರೆಗಳು 14 ದಿನ ಇರಲೇಬೇಕು, 6 ಮೀಟರ್ ದಾಟಿದ ಬೀಮಿಗೆ 21 ದಿನ.

ಯಾವ ಕಾರಣಕ್ಕೂ ಈ ಸ್ಲ್ಯಾಬನ್ನು ಒಡೆಯಲು ಒಪ್ಪಬೇಡಿ. ಪೂರ್ವದಲ್ಲೇ ಸ್ನಾನದ ಮನೆ ಉಳಿಸಿಕೊಳ್ಳುವುದು ಒಂದು ದಾರಿ. ತಗ್ಗನ್ನು ಹಗುರವಾದ ವಸ್ತುವಿನಿಂದ ತುಂಬಿ, ಪಶ್ಚಿಮದಲ್ಲಿ ಸ್ನಾನದ ಮನೆಯ ನೆಲವನ್ನು ಎತ್ತರಿಸುವುದು ಇನ್ನೊಂದು. ಅದರಲ್ಲಿ ಮೆಟ್ಟಿಲು ಹತ್ತಿ ಸ್ನಾನಕ್ಕೆ ಹೋಗಬೇಕು, ನನಗೆ ಅದು ಇಷ್ಟವಿಲ್ಲ. ಏನೇ ಮಾಡಿದರೂ ಲೆಕ್ಕ ಮಾಡಿದ ಎಂಜಿನಿಯರ್ ಸಹಿ ಇಲ್ಲದೆ ಬೇಡ.

ಮುಂದಿನ ಸ್ಲ್ಯಾಬಿಗೆ ಒಂದು ಹಾಳೆ ಮಾಡಿಕೊಳ್ಳಿ. ನಕ್ಷೆಯ ತಿದ್ದುಪಡಿ ಸಂಖ್ಯೆ, ಕಬ್ಬಿಣ, ಕಬ್ಬಿಣವನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್, ಪೈಪು ಹಾಯಲು ಬಿಡುವ ತೋಳುಗಳು, ಎಲೆಕ್ಟ್ರಿಕ್ ಪೈಪು, ಎಲ್ಲವನ್ನೂ ಹಿಂದಿನ ಸಂಜೆ ಒಟ್ಟಿಗೆ ನಿಂತು ನೋಡಿ, ವಾಸ್ತುಶಿಲ್ಪಿ ಮತ್ತು ಗುತ್ತಿಗೆದಾರ ಇಬ್ಬರೂ ಸಹಿ ಹಾಕಿ. ಸಹಿ ಇಲ್ಲದೆ ಮಿಕ್ಸರ್ ತಿರುಗಬಾರದು. ನಸುಕಿನ ಐದಕ್ಕೆ ಶುರುವಾಗುವ ಕೆಲಸವನ್ನು ಎಂಟೂವರೆಗೆ ಬಂದು ನೋಡಿದರೆ ಪ್ರಯೋಜನವಿಲ್ಲ.

ಉತ್ತರ: ಕೋಟೆಬೆಟ್ಟದ ಕೆಳಗಿನ ಮನೆ, ಯಾದಗಿರಿ

ನಾನು ಎಂಜಿನಿಯರ್ ಅಲ್ಲ, ಮನೆ ಕಟ್ಟಿಸಿದವಳು. ಆ ಮಾಸ್ತರರ ಸ್ಥಿತಿ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯ ಕೆಲಸದಲ್ಲಿ ಎರಡು ತಿಂಗಳು ನಾನೇ ಇಬ್ಬರ ನಡುವೆ ಮಾತು ಹೊತ್ತಿದ್ದೇನೆ. ಬಾಗಿಲ ಮೇಲಿನ ಅಡ್ಡ ಬೀಮಿನ ಬಗ್ಗೆ ವಾಸ್ತುಶಿಲ್ಪಿ "ಲಿಂಟಲ್ ಮಟ್ಟ ಏಳು ಅಡಿ, ನೆಲದ ಕಲ್ಲಿನ ಮೇಲಿನಿಂದ" ಎಂದಿದ್ದರು. ನಾನು ಗುತ್ತಿಗೆದಾರರಿಗೆ "ಏಳು ಅಡಿಯಂತೆ" ಎಂದೆ. ಕಲ್ಲಿನ ಮೇಲಿನಿಂದ ಎಂಬುದು ನನಗೆ ಮುಖ್ಯವೆನಿಸಿರಲಿಲ್ಲ. ಎಲ್ಲ ಬಾಗಿಲುಗಳೂ ಮೂರು ಇಂಚು ಗಿಡ್ಡವಾದವು. ನನ್ನ ಮಗ ಇಂದಿಗೂ ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರುತ್ತಾನೆ. ದಯವಿಟ್ಟು ಆ ಹಿರಿಯರನ್ನು ಈ ಕೆಲಸದಿಂದ ಬಿಡಿಸಿ.

ಉಸ್ತುವಾರಿಯ ಬಗ್ಗೆಯೂ ಹೇಳುತ್ತೇನೆ. ಶುಲ್ಕ ಕೊಟ್ಟ ಮೇಲೆ ವಾಸ್ತುಶಿಲ್ಪಿ ದಿನವೂ ಸೈಟಿನಲ್ಲಿ ನಿಲ್ಲುತ್ತಾರೆ ಎಂದೇ ನಾವು ನಂಬಿದ್ದೆವು. ಒಪ್ಪಂದದ ಆ ಸಾಲನ್ನು ಯಾರೂ ನಮಗೆ ಓದಿ ಹೇಳಿರಲಿಲ್ಲ. ಗೊತ್ತಾದ ಮೇಲೆ ಡಿಪ್ಲೊಮಾ ಓದಿದ ಹುಡುಗನೊಬ್ಬನನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಂಡೆವು. ಅದೇ ಮೊದಲ ದಿನವೇ ಹೇಳಿದ್ದರೆ ಮೊದಲ ದಿನವೇ ಇಡುತ್ತಿದ್ದೆವು.

ಮರುನುಡಿ: ಎರೆನೆಲ, ಕಲಬುರಗಿ

ನಿನ್ನೆ ಬೆಳಗ್ಗೆ ಆರೂವರೆಗೆ ಸೈಟಿಗೆ ಹೋದೆ. ಬೀದರಿನವರ ಪ್ರಶ್ನೆ ರಾತ್ರಿಯಿಡೀ ತಲೆಯಲ್ಲಿತ್ತು. ಮೇಲೆ ಹತ್ತಿ ನೋಡಿದರೆ ಸ್ಲ್ಯಾಬಿನ ಮೇಲೆ ಗಾರೆಯ ಸಣ್ಣ ಬದುಗಳನ್ನು ಕಟ್ಟಿ ನೀರು ನಿಲ್ಲಿಸಿದ್ದರು. ಬೀಮುಗಳ ಬದಿಗೆ ಒದ್ದೆ ಗೋಣಿತಟ್ಟು. ಊರೆಗಳು ಒಂದೂ ಅಲುಗಿರಲಿಲ್ಲ. ಕಾವಲುಗಾರನ ಹೆಂಡತಿಯನ್ನು ಕೇಳಿದೆ. ಗುತ್ತಿಗೆದಾರರೇ ದಿನವೂ ಬೆಳಗ್ಗೆ, ಸಂಜೆ ಬಂದು ನೀರು ನೋಡಿ ಹೋಗುತ್ತಾರಂತೆ. ಟ್ಯಾಂಕರಿನ ಹಣವನ್ನೂ ಅವರೇ ಕೊಟ್ಟಿದ್ದಾರೆ. ಮಾಸ್ತರರಿಗೆ ಅದು ಗೊತ್ತೇ ಇರಲಿಲ್ಲ.

ಏಳಕ್ಕೆ ಅವರು ಬಂದರು. ಕೆಲಸಗಾರರನ್ನು ಕರೆಸಲು ಕೇಳಿದೆ. ಅಂದು ಇದ್ದವರಲ್ಲಿ ಹದಿನಾಲ್ಕು ಜನ ಸೇರಿದರು. ನಾನು ಆಡಿದ್ದು ತಪ್ಪು, ಹಾಳೆ ಬದಲಿಸದೆ ಮೊಬೈಲಿಗೆ ಹಾಕಿ ಕೈ ಬಿಟ್ಟದ್ದೂ ನನ್ನ ತಪ್ಪು ಎಂದೆ. ಅವರು ತಲೆ ತಗ್ಗಿಸಿ, "ನಾನೂ ಫೋನ್ ಮಾಡಿ ಒಂದು ಸಲ ಕೇಳಬೇಕಿತ್ತು, ಮೇಡಂ" ಎಂದರು.

ಆಮೇಲೆ ಪಶ್ಚಿಮದ ಗೋಡೆಯ ಕಾರಣ ಹೇಳಿದೆ. ಶಹಾಬಾದಿನ ಅಣ್ಣನವರೇ, ನೀವು ಊಹಿಸಿದ್ದು ನಿಜ, ನಾನು ಅವರಿಗೆ ಅದನ್ನು ಎಂದೂ ಹೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಸಿಲು ತಡೆಯಬೇಕಾದದ್ದು ಸ್ನಾನದ ಮನೆಯೇ ಆಗಬೇಕೇ?" ಎಂದು ಕೇಳಿದರು. ಅವರ ಊರಿನ ಹಳೆಯ ಮನೆಯಲ್ಲಿ ಪಡುವಣ ಗೋಡೆಗೆ ಕಾಳಿನ ಕೋಣೆ ಇತ್ತಂತೆ; ಅದರಾಚೆ ಮಲಗಿದವರಿಗೆ ಸೆಕೆ ತಟ್ಟುತ್ತಿರಲಿಲ್ಲವಂತೆ. ಅವರು ಸೂಚಿಸಿದ್ದು ಇಷ್ಟು: ಪಶ್ಚಿಮದ ಗೋಡೆಯುದ್ದಕ್ಕೂ ಎರಡು ಅಡಿ ಆಳದ ಬಟ್ಟೆಯ ಅಲಮಾರು, ಅದರ ಹಿಂದೆ ಎರಡು ಇಂಚು ಖಾಲಿ ಬಿಟ್ಟು ಹೊರಗೋಡೆ. ಸ್ನಾನದ ಮನೆ ಪೂರ್ವದಲ್ಲೇ ಇರಲಿ, ಸ್ಲ್ಯಾಬ್ ಮುಟ್ಟುವುದು ಬೇಡ. ಎಂಜಿನಿಯರ್ ಸಂಜೆ ಲೆಕ್ಕ ನೋಡಿ, ಅಲಮಾರಿಗೆ ಫರಸಿಯ ಹಲಗೆಗಳು ಭಾರ, ಅವುಗಳ ಬದಲು ಪ್ಲೈವುಡ್ ಹಾಕುವುದಾದರೆ ಒಪ್ಪಿಗೆ ಎಂದರು. ಮನೆಯವರೂ ಒಪ್ಪಿದ್ದಾರೆ. ಇದಕ್ಕಾಗಿ ಕಿಟಕಿ ಬದಲಾದ ಖರ್ಚಿನಲ್ಲಿ ಅರ್ಧ ನನ್ನ ಶುಲ್ಕದಿಂದ, ಅರ್ಧ ಗುತ್ತಿಗೆದಾರರದು. ಟ್ಯಾಂಕರಿನ ಹಣ ಮಾಸ್ತರರು ಕೊಟ್ಟರು.

ಸೈಟಿನಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ. ಗುರುವಾರ ಬೆಳಗ್ಗೆ ಏಳು ಎಂದು ಮೊದಲ ಪುಟದಲ್ಲೇ ಬರೆದಿದೆ. ಇಂದು ಸಂಜೆ ಹೋದಾಗ ಅದರಲ್ಲಿ ಗೌಂಡಿಯ ಕೈಬರಹದಲ್ಲಿ ಒಂದು ಸಾಲು ಇತ್ತು: "ಮೆಟ್ಟಿಲಿನ ಫರಸಿ ಎಷ್ಟು ದಪ್ಪ? ಕಲ್ಲು ತಂದು ತೋರಿಸಿದ ಮೇಲೆ ಅಳತೆ ಕೊಡಿ." ನಾಳೆ ನಾನೂ ಗುತ್ತಿಗೆದಾರರೂ ಶಹಾಬಾದಿಗೆ ಕಲ್ಲು ಆರಿಸಲು ಹೋಗುತ್ತಿದ್ದೇವೆ.